ಹುಟ್ಟಿನಿಂದಲೇ ವೇಗವಿರುವ ಮಕ್ಕಳನ್ನು ಫುಟ್‌ಬಾಲಿಗೆ ಬೆಳೆಸುವುದು, ಗಾಯದಿಂದ ಕಾಯುವುದು: ಕಲಬುರಗಿ ಭಾಗದವರ ಸಲಹೆ ಬೇಕು

ಸೇಡಂ ಪಿ.ಟಿ. ಮಾಸ್ತರ

ಎಲ್ಲರಿಗೂ ಶರಣು. ಸೇಡಂ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕನಾಗಿದ್ದೇನೆ. ನಮ್ಮ ಭಾಗದಲ್ಲಿ ಕಬಡ್ಡಿ, ಖೋ-ಖೋಗಳಿಗೆ ಇರುವ ನೆಲೆ ಫುಟ್‌ಬಾಲಿಗೆ ಇನ್ನೂ ಇಲ್ಲವಾದರೂ, ಸಂಜೆ ಶಾಲೆ ಬಿಟ್ಟ ಮೇಲೆ ಚೆಂಡಿನ ಹಿಂದೆ ಓಡುವ ಮಕ್ಕಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ಅವರಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗನ ವಿಷಯವಾಗಿ ಬಲ್ಲವರ ಸಲಹೆ ಬೇಕಾಗಿದೆ.

ಅವನಿಗೆ ಓಡುವುದನ್ನು ಯಾರೂ ಕಲಿಸಿಲ್ಲ. ಆದರೂ ವಲಯ ಮಟ್ಟದಲ್ಲಿ 100 ಮೀಟರ್, 200 ಮೀಟರ್, ಉದ್ದಜಿಗಿತ ಮೂರರಲ್ಲೂ ಅವನೇ ಮೊದಲಿಗ. ಫುಟ್‌ಬಾಲಿನಲ್ಲಿ ಬಲಗಡೆಯಿಂದ ಚೆಂಡನ್ನು ಮುಂದಕ್ಕೆ ತಳ್ಳಿ ಓಡಿದನೆಂದರೆ ಹಿಡಿಯುವವರಿಲ್ಲ. ಕಬಡ್ಡಿಯಲ್ಲಿ ರೈಡರ್. ಭಾನುವಾರ ಬಂದರೆ ತನ್ನ ಓಣಿಯ ತಂಡದ ಪರವಾಗಿ ನಗದು ಬಹುಮಾನದ ಟೂರ್ನಮೆಂಟುಗಳಿಗೆ ಹೋಗುತ್ತಾನೆ. ಶಾಲೆ ಆರಂಭವಾದಾಗ ಹೊಲಿಸಿದ ಸಮವಸ್ತ್ರದ ಪ್ಯಾಂಟು ಈಗಾಗಲೇ ಕಣಕಾಲಿನಿಂದ ಮೇಲೇರಿದೆ, ಅಷ್ಟು ಬೇಗ ಬೆಳೆಯುತ್ತಿದ್ದಾನೆ.

ಈಗ ಅವನ ಎರಡೂ ಮೊಣಕಾಲುಗಳಲ್ಲಿ, ಚಿಪ್ಪಿನಿಂದ ಎರಡು ಬೆರಳು ಕೆಳಗೆ, ಎಲುಬು ಉಬ್ಬಿದಂತೆ ಕಾಣುತ್ತಿದೆ. ಅಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಕಾಲನ್ನು ಸರಕ್ಕನೆ ಎಳೆದುಕೊಳ್ಳುತ್ತಾನೆ. ಪ್ರಾರ್ಥನೆ ಮುಗಿದು ಎಲ್ಲರೂ ನೆಲಕ್ಕೆ ಕುಳಿತಾಗ ಇವನೊಬ್ಬ ಒಂದು ಕಾಲು ಚಾಚಿ, ಪಕ್ಕಕ್ಕೆ ವಾಲಿ ಕೂರುತ್ತಾನೆ. ಓಡಲು ಆರಂಭಿಸಿದರೆ ನೋವು ಮರೆಯಾಗುತ್ತದೆ, ಆಟ ಮುಗಿಸಿ ಮೆಟ್ಟಿಲು ಇಳಿಯುವಾಗ ಮತ್ತೆ ಬರುತ್ತದೆ. ಊರಿನ ಹಿರಿಯರು ಎಣ್ಣೆ ಹಚ್ಚಿ ತಿಕ್ಕಿಸಲು ಹೇಳಿದ್ದಾರೆ. ಮುಖ್ಯೋಪಾಧ್ಯಾಯರಿಗೆ ಜಿಲ್ಲಾ ಮಟ್ಟದ ಕಪ್ಪಿನ ಮೇಲೆ ಕಣ್ಣಿದೆ. ಇಂಥ ಮಕ್ಕಳು ಹತ್ತನೆಯ ತರಗತಿ ಮುಗಿಯುವುದರೊಳಗೆ ಆಟದಿಂದಲೇ ದೂರವಾಗುವುದನ್ನು ಕಂಡಿರುವುದರಿಂದ ಕೇಳುತ್ತಿದ್ದೇನೆ: ಇವನನ್ನು ಆಡಿಸಬೇಕೇ, ಕೂರಿಸಬೇಕೇ? ಈ ಹುಟ್ಟುಗುಣವನ್ನು ಕೆಡದಂತೆ ಬೆಳೆಸುವ ದಾರಿ ಯಾವುದು?

ಬೀದರ್ ಫಿಸಿಯೋ

ಮಾಸ್ತರರೇ, ಕೈಯಿಂದ ಮುಟ್ಟಿ ನೋಡದೆ ರೋಗಕ್ಕೆ ಹೆಸರು ಕೊಡುವುದು ಸರಿಯಲ್ಲ, ಆದ್ದರಿಂದ ಮೊದಲು ಎಲುಬಿನ ವೈದ್ಯರಿಗೆ ತೋರಿಸಿ. ಆದರೆ ನೀವು ವರ್ಣಿಸಿದ ರೀತಿ ಆಸ್‌ಗುಡ್-ಶ್ಲಾಟರ್ ಎಂಬ ತೊಂದರೆಗೆ ಚೆನ್ನಾಗಿ ಹೊಂದುತ್ತದೆ. ತೊಡೆಯ ಮುಂಭಾಗದ ದೊಡ್ಡ ಸ್ನಾಯು ಮೊಣಚಿಪ್ಪಿನ ಮೂಲಕ ಹಾದು ಮೊಣಕಾಲಿನ ಕೆಳಗಿನ ಎಲುಬಿಗೆ ಅಂಟಿಕೊಳ್ಳುವ ಜಾಗದಲ್ಲಿ, ಬೆಳೆಯುವ ವಯಸ್ಸಿನ ಮಕ್ಕಳಿಗೆ ಇನ್ನೂ ಗಟ್ಟಿಯಾಗದ ಮೃದು ಎಲುಬಿನ ಪದರವಿರುತ್ತದೆ. ಎಲುಬು ಬೇಗ ಉದ್ದವಾಗಿ, ಸ್ನಾಯು ಅದಕ್ಕೆ ಸರಿಸಮವಾಗಿ ಉದ್ದವಾಗದೆ ಬಿಗಿಯಾದಾಗ, ಪ್ರತಿಯೊಂದು ಓಟ, ಜಿಗಿತ, ಒದೆತವೂ ಆ ಪದರವನ್ನು ಎಳೆಯುತ್ತದೆ. ಹುಡುಗರಲ್ಲಿ ಇದು ಸಾಮಾನ್ಯವಾಗಿ 12ರಿಂದ 15ರ ವಯಸ್ಸಿನಲ್ಲಿ, ಹುಡುಗಿಯರಲ್ಲಿ ಅದಕ್ಕಿಂತ ಒಂದೆರಡು ವರ್ಷ ಮೊದಲು ಕಾಣಿಸಿಕೊಳ್ಳುತ್ತದೆ. ಇನ್ನೂ ಚಿಕ್ಕ ಮಕ್ಕಳಲ್ಲಿ ಇದೇ ಬಗೆಯ ನೋವು ಹಿಮ್ಮಡಿಯಲ್ಲಿ ಬರುತ್ತದೆ, ಅದಕ್ಕೆ ಸೀವರ್ ತೊಂದರೆ ಎನ್ನುತ್ತಾರೆ.

ಬಹುಪಾಲು ಮಕ್ಕಳಲ್ಲಿ ಬೆಳವಣಿಗೆ ನಿಂತ ಮೇಲೆ ನೋವು ತಾನಾಗಿ ಹೋಗುತ್ತದೆ, ಉಬ್ಬು ಮಾತ್ರ ಉಳಿಯಬಹುದು. ಹಾಗೆಂದು ಅಲಕ್ಷ್ಯ ಮಾಡಬಾರದು. ಜಿಗಿಯುವಾಗ ಒಮ್ಮೆಲೇ ಚಟ್ಟೆಂದು ಸದ್ದಾಗಿ ಕಾಲು ನೇರ ಮಾಡಲಾಗದಿದ್ದರೆ ಎಲುಬಿನ ತುಣುಕೇ ಕಿತ್ತು ಬಂದಿರಬಹುದು, ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ನಿದ್ರೆಯಿಂದ ಎಬ್ಬಿಸುವ ನೋವು, ಜ್ವರ, ಇಡೀ ಕೀಲಿನ ಬಾವು, ಒಂದೇ ಕಡೆ ದಿನೇ ದಿನೇ ಏರುವ ನೋವು, ಕುಂಟುವಿಕೆ, ಇವುಗಳಲ್ಲಿ ಯಾವುದಿದ್ದರೂ ಇದನ್ನು ಬೆಳವಣಿಗೆಯ ನೋವೆಂದು ತಳ್ಳಿಹಾಕಬೇಡಿ. ನೋಯುವ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕುವುದರಿಂದ ಲಾಭವಿಲ್ಲ, ಕೆರಳಿರುವ ಜಾಗವನ್ನು ಮತ್ತಷ್ಟು ಕೆರಳಿಸಿದಂತಾಗುತ್ತದೆ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಆಟದ ನಂತರ ಹತ್ತು ಹದಿನೈದು ನಿಮಿಷ ಇಡಬಹುದು.

ಆಡಿಸಬೇಕೇ, ಕೂರಿಸಬೇಕೇ ಎಂದರೆ ಎರಡೂ ಅಲ್ಲ. ಪೂರ್ಣವಾಗಿ ಕೂರಿಸಿದರೆ ಸ್ನಾಯು ಬಲ ಕಳೆದುಕೊಂಡು, ಮತ್ತೆ ಆಡಲು ಬಂದ ದಿನ ಅದೇ ನೋವು ಮರಳುತ್ತದೆ. ಅವನು ವಾರಕ್ಕೆ ಎಷ್ಟು ಹೊತ್ತು ಆಡುತ್ತಾನೆಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಶಾಲೆಯ ಫುಟ್‌ಬಾಲ್, ಕಬಡ್ಡಿ, ಅಥ್ಲೆಟಿಕ್ಸ್, ಭಾನುವಾರದ ಪಂದ್ಯ ಎಲ್ಲವೂ ಸೇರಲಿ. ಮಕ್ಕಳ ಕ್ರೀಡಾ ವೈದ್ಯರು ಸಾಮಾನ್ಯವಾಗಿ ಹೇಳುವ ಅಳತೆ ಇಷ್ಟು: ವಾರದ ತರಬೇತಿ ಮತ್ತು ಪಂದ್ಯದ ಒಟ್ಟು ಗಂಟೆಗಳು ಮಗುವಿನ ವಯಸ್ಸಿನ ಸಂಖ್ಯೆಯನ್ನು ಮೀರಬಾರದು, ವಾರದಲ್ಲಿ ಒಂದೆರಡು ದಿನವಾದರೂ ಪೂರ್ಣ ಬಿಡುವಿರಬೇಕು. ನೀವು ಬರೆದು ಕೂಡಿಸಿದರೆ ನಿಮ್ಮ ಹುಡುಗ ಈ ಗೆರೆಯನ್ನು ದಾಟಿರುವುದು ಬಹುಶಃ ನಿಮಗೇ ಗೊತ್ತಾಗುತ್ತದೆ.

ಇನ್ನೊಂದು ಕೆಲಸ. ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಎಲ್ಲ ಮಕ್ಕಳ ಎತ್ತರದ ಗೆರೆ ಎಳೆದಿಡಿ. ಹುಡುಗರು ಅತಿ ವೇಗವಾಗಿ ಬೆಳೆಯುವುದು ಸುಮಾರು 14ರ ಆಸುಪಾಸಿನಲ್ಲಿ, ಹುಡುಗಿಯರು 12ರ ಆಸುಪಾಸಿನಲ್ಲಿ. ತಿಂಗಳಿಗೆ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಬೆಳೆಯುತ್ತಿರುವವರನ್ನು ನಾನು ಎಚ್ಚರದ ಪಟ್ಟಿಗೆ ಸೇರಿಸುತ್ತೇನೆ. ಆ ಕೆಲವು ತಿಂಗಳು ಜಿಗಿತ ಮತ್ತು ಪೂರ್ಣ ವೇಗದ ಓಟವನ್ನು ಕಡಿಮೆ ಮಾಡಿ, ಚೆಂಡಿನ ಹತೋಟಿ ಮತ್ತು ಸಮತೋಲನದ ಕೆಲಸವನ್ನು ಹೆಚ್ಚಿಸುತ್ತೇನೆ.

ಚಿಂಚೋಳಿ ರೈಡರ್

ಫಿಸಿಯೋ ಸಾಹೇಬರು ಹೇಳುವುದೆಲ್ಲ ದೊಡ್ಡ ಊರಿನ ಅಕಾಡೆಮಿಗಳಿಗೆ ಸರಿ. ನಾನು ಹದಿನಾಲ್ಕರ ವಯಸ್ಸಿನಲ್ಲಿ ಬೆಳಿಗ್ಗೆ ಹೊಲದ ಕೆಲಸ ಮಾಡಿ, ಸಂಜೆ ಬರಿಗಾಲಲ್ಲಿ ಎರೆಮಣ್ಣಿನ ಮೇಲೆ ಕಬಡ್ಡಿ ಆಡಿ ಬೆಳೆದವನು. ವಾರ್ಮ್‌ಅಪ್ ಎಂದರೇನೆಂದು ಗೊತ್ತಿರಲಿಲ್ಲ, ಮೊಣಕಾಲಿಗೆ ಏನೂ ಆಗಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ ತಿಂದು ಬೆಳೆದ ಶರೀರವನ್ನು ಇಷ್ಟು ನಾಜೂಕಾಗಿ ನೋಡಿಕೊಂಡರೆ ಅದು ನಾಜೂಕೇ ಆಗುತ್ತದೆ. ಮಗನಿಗೆ ಆಟದ ಹುಚ್ಚು ಇರುವಾಗ ಗಂಟೆ ಲೆಕ್ಕ ಹಾಕಿ ಕಟ್ಟಿಹಾಕುವುದು ನನಗೆ ಸರಿ ಕಾಣುವುದಿಲ್ಲ.

ಕಲಬುರಗಿ ಹಳೆಯ ಹಾಫ್‌ಬ್ಯಾಕ್

ಅಣ್ಣಾ, ನಿಮ್ಮ ಮೊಣಕಾಲು ಉಳಿದಿರುವುದು ಸಂತೋಷ. ಆದರೆ ಈ ಚರ್ಚೆಗೆ ಬಂದು ಬರೆಯುವವರು ಉಳಿದವರು ಮಾತ್ರ. ನಿಮ್ಮ ಜೊತೆ ಆಡಿ, ಮೊಣಕಾಲು ಮುರಿದುಕೊಂಡು ಆಟ ಬಿಟ್ಟವರು ಇಲ್ಲಿ ಬರೆಯುವುದಿಲ್ಲ. ನೂತನ ವಿದ್ಯಾಲಯದ ಮೈದಾನದಲ್ಲಿ ನನ್ನ ಕಾಲದಲ್ಲಿ ನಮಗಿಂತ ಚೆನ್ನಾಗಿ ಆಡುತ್ತಿದ್ದವರಲ್ಲಿ ಹಲವರು ಇಪ್ಪತ್ತಕ್ಕೆ ಮೊದಲೇ ನಿಂತರು. ನಾನು ಸಾಧಾರಣ ಆಟಗಾರ, ಬಹುಕಾಲ ಆಡಿದೆ. ನಿಮ್ಮ ಹೊಲದ ಕೆಲಸವನ್ನೂ ಮರೆಯಬೇಡಿ: ಎತ್ತುವುದು, ಬಾಗುವುದು, ಹೊರುವುದು ಇವೆಲ್ಲ ನಿಮಗೆ ದಿನವೂ ಸಿಕ್ಕ ಬಲವರ್ಧನೆ. ಈಗಿನ ಹುಡುಗ ಬಸ್ಸಿನಲ್ಲಿ ಬಂದು, ಬೆಂಚಿನ ಮೇಲೆ ಇಡೀ ದಿನ ಕುಳಿತು, ಸಂಜೆ ಐದಕ್ಕೆ ಒಮ್ಮೆಲೇ ಪೂರ್ಣ ವೇಗದಲ್ಲಿ ಓಡುತ್ತಾನೆ. ಹೊಸ ಹೋರಿಯನ್ನು ಮೊದಲ ದಿನವೇ ಇಡೀ ಹೊಲದ ನೇಗಿಲಿಗೆ ಕಟ್ಟುತ್ತೀರಾ?

ಒಳ್ಳೆಯ ಕಾಲುಗಳೇ ಮೊದಲು ಮುರಿಯುವುದು ಏಕೆಂಬುದನ್ನು ಜಗತ್ತಿನ ಆಟದಲ್ಲೂ ನೋಡಿದ್ದೇವೆ. ಇಂಗ್ಲೆಂಡಿನ ಮೈಕೆಲ್ ಓವನ್ 1998ರ ವಿಶ್ವಕಪ್ಪಿನಲ್ಲಿ 18ರ ವಯಸ್ಸಿನಲ್ಲಿ ಅರ್ಜೆಂಟೀನಾ ವಿರುದ್ಧ ಹೊಡೆದ ಗೋಲನ್ನು ನೋಡಿದವರು ಆ ವೇಗವನ್ನು ಮರೆಯಲಾರರು. ಮರುವರ್ಷ ಏಪ್ರಿಲ್‌ನಲ್ಲಿ ಲೀಡ್ಸ್ ವಿರುದ್ಧದ ಪಂದ್ಯದಲ್ಲಿ ಅವನ ತೊಡೆಯ ಹಿಂಭಾಗದ ಸ್ನಾಯು ಹರಿಯಿತು. 2001ರಲ್ಲಿ ಯುರೋಪಿನ ಅತ್ಯುತ್ತಮ ಆಟಗಾರನ ಪ್ರಶಸ್ತಿ ಬಂದದ್ದು ನಿಜ, ಆದರೆ ಆ ಗಾಯದ ನಂತರ ತಾನು ಮೊದಲಿನ ಓಟಗಾರನಾಗಿ ಉಳಿಯಲಿಲ್ಲವೆಂದು ಅವನೇ ಹೇಳಿಕೊಂಡಿದ್ದಾನೆ. ಬ್ರೆಜಿಲ್‌ನ ರೊನಾಲ್ಡೊ 1999ರ ನವೆಂಬರಿನಲ್ಲಿ ಮೊಣಚಿಪ್ಪಿನ ಕೆಳಗಿನ ಸ್ನಾಯುರಜ್ಜು ಗಾಯಗೊಂಡು, 2000ದ ಏಪ್ರಿಲ್‌ನಲ್ಲಿ ಮರಳಿ ಮೈದಾನಕ್ಕಿಳಿದ ಕೆಲವೇ ನಿಮಿಷಗಳಲ್ಲಿ ಅದೇ ಜಾಗದಲ್ಲಿ ಪೂರ್ತಿ ಹರಿದುಕೊಂಡ. ಆಮೇಲೆ ಬಹುಕಾಲ ಆಟದಿಂದ ದೂರವಿದ್ದು ಬಂದು 2002ರ ವಿಶ್ವಕಪ್ಪಿನಲ್ಲಿ 8 ಗೋಲು ಹೊಡೆದ. ಅವರಿಗೆ ಜಗತ್ತಿನ ಅತ್ಯುತ್ತಮ ವೈದ್ಯರಿದ್ದರು. ನಮ್ಮ ಸೇಡಂ ಹುಡುಗನಿಗೆ ಇರುವುದು ಮಾಸ್ತರರು ಮಾತ್ರ.

ಮಾಸ್ತರರೇ, ನನ್ನ ಮುಖ್ಯ ಮಾತು ಬೇರೆ. ವೇಗವಿರುವ ಹುಡುಗನಿಗೆ ಆಟ ಬರುವುದಿಲ್ಲ ಎಂಬುದನ್ನು ವೇಗವೇ ಮುಚ್ಚಿಡುತ್ತದೆ. ಚೆಂಡನ್ನು ಮುಂದಕ್ಕೆ ತಳ್ಳಿ ಓಡುವುದು 14ರ ವಯಸ್ಸಿನವರ ಎದುರು ನಡೆಯುತ್ತದೆ. 18ಕ್ಕೆ ಬಂದಾಗ ಎದುರಾಳಿಯೂ ಅಷ್ಟೇ ವೇಗವಾಗಿರುತ್ತಾನೆ, ಆಗ ಇವನ ಬಳಿ ಬೇರೆ ಏನೂ ಉಳಿದಿರುವುದಿಲ್ಲ. ಆದ್ದರಿಂದ ಮೊಣಕಾಲು ನೋಯುವ ಈ ತಿಂಗಳುಗಳನ್ನು ಕಳೆದುಹೋದ ಕಾಲವೆಂದು ಎಣಿಸಬೇಡಿ. ಇಪ್ಪತ್ತು ಮೀಟರ್ ಉದ್ದ, ಹದಿನೈದು ಮೀಟರ್ ಅಗಲದ ಚೌಕದಲ್ಲಿ ನಾಲ್ಕು ಜನರ ಎದುರು ನಾಲ್ಕು ಜನರನ್ನು ಆಡಿಸಿ. ಅಷ್ಟು ಇಕ್ಕಟ್ಟಿನಲ್ಲಿ ಅವನಿಗೆ ಪೂರ್ಣ ವೇಗಕ್ಕೆ ಏರಲು ಜಾಗವೇ ಸಿಗುವುದಿಲ್ಲ. ಚೆಂಡು ಬರುವ ಮೊದಲೇ ಕತ್ತು ತಿರುಗಿಸಿ ನೋಡಬೇಕಾಗುತ್ತದೆ, ಎಡಗಾಲನ್ನೂ ಬಳಸಬೇಕಾಗುತ್ತದೆ, ಒಂದೇ ಸ್ಪರ್ಶದಲ್ಲಿ ಚೆಂಡನ್ನು ಹತೋಟಿಗೆ ತರಬೇಕಾಗುತ್ತದೆ. ಕೆಲವು ದಿನ ಅವನನ್ನು ವಿಂಗ್‌ನಿಂದ, ಅಂದರೆ ಮೈದಾನದ ಅಂಚಿನಿಂದ, ತೆಗೆದು ನಡುವೆ ಆಡಿಸಿ. ಮೊದಲಿಗೆ ಅವನಿಗೆ ಸಿಟ್ಟು ಬರುತ್ತದೆ, ಬರಲಿ.

ಸೇಡಂ ಪಿ.ಟಿ. ಮಾಸ್ತರ

ಇಬ್ಬರಿಗೂ ಧನ್ಯವಾದ. ಫಿಸಿಯೋ ಅವರೇ, ಗಾಯ ತಡೆಯಲು ಫಿಫಾದವರು ರೂಪಿಸಿದ ವ್ಯಾಯಾಮಗಳ ಬಗ್ಗೆ ಕೇಳಿದ್ದೇನೆ. ನಮ್ಮಲ್ಲಿ ಜಿಮ್ ಇಲ್ಲ, ಹುಲ್ಲಿನ ಮೈದಾನವಿಲ್ಲ, ಇರುವುದು ಆರು ಚೆಂಡು ಮತ್ತು ಒಂದು ಜಮಖಾನೆ. ಇಷ್ಟರಲ್ಲಿ ಏನು ಮಾಡಬಹುದು? ತೊಡೆಯ ಹಿಂಭಾಗಕ್ಕೆ ಮೊಣಕಾಲೂರಿ ಮಾಡುವ ವ್ಯಾಯಾಮ ಒಳ್ಳೆಯದೆನ್ನುತ್ತಾರೆ, ಅದನ್ನು ಈ ಹುಡುಗನಿಗೂ ಮಾಡಿಸಬಹುದೇ?

ಬೀದರ್ ಫಿಸಿಯೋ

ಜಮಖಾನೆ ಸಾಕು. ಫಿಫಾ 11+ ಎಂಬ ಕ್ರಮ 14 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಿಗಾಗಿ ಇರುವಂಥದ್ದು, ಒಟ್ಟು ಸುಮಾರು 20 ನಿಮಿಷ ಹಿಡಿಯುತ್ತದೆ: ಎಂಟು ನಿಮಿಷ ನಿಧಾನ ಓಟ, ಹತ್ತು ನಿಮಿಷ ಬಲ, ಜಿಗಿತ ಮತ್ತು ಸಮತೋಲನ, ಕೊನೆಯ ಎರಡು ನಿಮಿಷ ದಿಕ್ಕು ಬದಲಿಸುವ ವೇಗದ ಓಟ. ನಾರ್ವೆಯಲ್ಲಿ 13ರಿಂದ 17ರ ವಯಸ್ಸಿನ ಹುಡುಗಿಯರ ತಂಡಗಳಲ್ಲಿ ಇದನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಟ್ಟು ಗಾಯಗಳು ಸುಮಾರು ಮೂರನೇ ಒಂದು ಭಾಗದಷ್ಟು, ಗಂಭೀರ ಗಾಯಗಳು ಹೆಚ್ಚುಕಡಿಮೆ ಅರ್ಧದಷ್ಟು ಕಡಿಮೆಯಾದವು. ಏಳರಿಂದ 13ರವರೆಗಿನ ಮಕ್ಕಳಿಗೆ ಇದರದೇ ಬೇರೆ ರೂಪವಿದೆ, ಅದರಲ್ಲಿ ಬೀಳುವುದನ್ನು ಕಲಿಸುವ ಆಟಗಳೂ ಇವೆ. ವಾರಕ್ಕೆ ಕನಿಷ್ಠ ಎರಡು ಸಲ ಬಿಡದೆ ಮಾಡಿದರೆ ಮಾತ್ರ ಫಲ. ಪಂದ್ಯದ ದಿನ ಮಾತ್ರ ಮಾಡುವ ವಾರ್ಮ್‌ಅಪ್‌ನಿಂದ ಮೈ ಬಿಸಿಯಾಗುತ್ತದೆ, ಬಲ ಬರುವುದಿಲ್ಲ.

ನೀವು ಕೇಳಿದ ವ್ಯಾಯಾಮಕ್ಕೆ ನಾರ್ಡಿಕ್ ಎನ್ನುತ್ತಾರೆ. ಮಡಚಿದ ಜಮಖಾನೆಯ ಮೇಲೆ ಮೊಣಕಾಲೂರಿ, ಜೊತೆಗಾರ ಹಿಂದಿನಿಂದ ಕಣಕಾಲು ಗಟ್ಟಿಯಾಗಿ ಹಿಡಿದಾಗ, ಸೊಂಟ ಬಾಗದಂತೆ ಇಡೀ ಮೈಯನ್ನು ಎಷ್ಟು ನಿಧಾನವಾಗಿ ಸಾಧ್ಯವೋ ಅಷ್ಟು ನಿಧಾನವಾಗಿ ಮುಂದಕ್ಕೆ ಇಳಿಸಿ, ಕೊನೆಗೆ ಅಂಗೈ ಊರುವುದು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಇದನ್ನು ಮಾಡುವ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂಭಾಗದ ಸ್ನಾಯುವಿನ ಗಾಯಗಳು ಸುಮಾರು ಅರ್ಧಕ್ಕೆ ಇಳಿದಿರುವುದು ಕಂಡಿದೆ. ಮೊದಲ ವಾರ ಐದೈದು ಸಲ, ಅಷ್ಟೇ. ಮರುದಿನ ತೊಡೆ ಬಹಳ ಹಿಡಿಯುತ್ತದೆಂದು ಮಕ್ಕಳಿಗೆ ಮೊದಲೇ ಹೇಳಿ.

ಆದರೆ ನಿಮ್ಮ ಹುಡುಗನಿಗೆ ಈಗ ಇದು ಬೇಡ, ಏಕೆಂದರೆ ನೋಯುವ ಉಬ್ಬಿನ ಮೇಲೆಯೇ ಇಡೀ ಭಾರ ಬೀಳುತ್ತದೆ. ಅವನನ್ನು ಬೆನ್ನ ಮೇಲೆ ಮಲಗಿಸಿ, ಹಿಮ್ಮಡಿಯನ್ನು ಬೆಂಚಿನ ಮೇಲಿಟ್ಟು ಸೊಂಟ ಎತ್ತಿಸಿ, ಮೊದಲು ಎರಡು ಕಾಲಿನಲ್ಲಿ, ನಂತರ ಒಂದೇ ಕಾಲಿನಲ್ಲಿ. ಗೋಡೆಗೆ ಬೆನ್ನು ಒರಗಿಸಿ, ನೋವು ಬಾರದಷ್ಟೇ ಮೊಣಕಾಲು ಮಡಚಿ ಅರ್ಧ ಕುಳಿತಂತೆ ನಿಲ್ಲುವುದನ್ನೂ ಸೇರಿಸಿ.

ವೇಗದ ಓಟವನ್ನು ಪೂರ್ತಿ ಬಿಡಿಸಬೇಡಿ ಎಂಬುದನ್ನು ಒತ್ತಿ ಹೇಳುತ್ತೇನೆ. ಹ್ಯಾಮ್‌ಸ್ಟ್ರಿಂಗ್ ಹರಿಯುವುದು ಹೆಚ್ಚಾಗಿ ಪೂರ್ಣ ವೇಗದಲ್ಲಿ, ಕಾಲು ನೆಲ ಮುಟ್ಟುವ ಮುನ್ನ ಮುಂದಕ್ಕೆ ಚಾಚಿಕೊಂಡ ಕ್ಷಣದಲ್ಲಿ. ತಿಂಗಳುಗಟ್ಟಲೆ ಪೂರ್ಣ ವೇಗದಲ್ಲಿ ಓಡದ ಸ್ನಾಯು ಪಂದ್ಯದಲ್ಲಿ ಒಮ್ಮೆಲೇ ಓಡಬೇಕಾಗಿ ಬಂದಾಗ ಆ ಎಳೆತವನ್ನು ತಡೆಯಲಾರದು. ನೋವು ತಗ್ಗಿದ ಮೇಲೆ ವಾರಕ್ಕೆ ಒಂದೆರಡು ದಿನ, ಮೈ ಚೆನ್ನಾಗಿ ಬಿಸಿಯಾದ ನಂತರ, 20ರಿಂದ 30 ಮೀಟರಿನ ನಾಲ್ಕಾರು ಓಟ, ನಡುವೆ ಧಾರಾಳ ವಿಶ್ರಾಂತಿ. ದಣಿದ ಮೇಲೆ ಮಾಡಿಸುವ ಓಟದಿಂದ ದಣಿವು ಹೆಚ್ಚುತ್ತದೆ, ವೇಗ ಬೆಳೆಯುವುದಿಲ್ಲ.

ವಾಡಿ ಗೋಲ್‌ಕೀಪರ್

ಬೂಟಿನ ವಿಷಯ ಯಾರೂ ಎತ್ತಲಿಲ್ಲ. ಟಿ.ವಿ.ಯಲ್ಲಿ ನೋಡಿ ಮಕ್ಕಳು ತಳದಲ್ಲಿ ಮೊಳೆಯಂಥ ಉದ್ದ ಸ್ಟಡ್‌ಗಳಿರುವ ಬೂಟು ಕೇಳುತ್ತಾರೆ, ಅವು ಹುಲ್ಲಿನ ನೆಲಕ್ಕೆ ಮಾಡಿದವು. ನಮ್ಮ ಗಟ್ಟಿ ನೆಲದಲ್ಲಿ ಅವು ಒಳಗಿಳಿಯುವುದಿಲ್ಲ. ಇಡೀ ಮೈ ಭಾರ ಕೆಲವು ಮೊಳೆಗಳ ಮೇಲೆ ನಿಂತು ಹಿಮ್ಮಡಿ, ಪಾದ ನೋಯುತ್ತವೆ, ಕಾಲು ಹೊರಳುತ್ತದೆ. ತಳದ ತುಂಬ ಚಿಕ್ಕ ಚಿಕ್ಕ ರಬ್ಬರ್ ಗುಬುಟುಗಳಿರುವ ಟರ್ಫ್ ಬೂಟು ಇಲ್ಲಿಗೆ ಸರಿ, ಬೆಲೆಯೂ ಕಡಿಮೆ. ಬೇಸಿಗೆಯಲ್ಲಿ ಎರೆಮಣ್ಣು ಬಿರಿದು ಪಾದ ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ, ಬೀದರ್ ಕಡೆ ಕೆಂಪು ಮೊರಮು ಜಾರುತ್ತದೆ, ನಮ್ಮ ವಾಡಿ-ಶಹಾಬಾದದಲ್ಲಿ ಫರ್ಸಿಯ ಚೂರುಗಳು. ಆಟಕ್ಕೆ ಮುನ್ನ ಹುಡುಗರನ್ನೇ ಸಾಲಾಗಿ ನಿಲ್ಲಿಸಿ ಮೈದಾನದ ತುದಿಯಿಂದ ತುದಿಗೆ ನಡೆಸಿ, ಕಲ್ಲು ಆರಿಸಿ, ಬಿರುಕಿಗೆ ಮಣ್ಣು ತುಂಬಿಸಿ.

ಬೇಸಿಗೆ ಶಿಬಿರ ನಡೆಸುವವರಿಗೂ ಒಂದು ಮಾತು. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮಲ್ಲಿ ಬೆಳಿಗ್ಗೆ ಎಂಟರ ನಂತರ ಮಕ್ಕಳನ್ನು ಓಡಿಸಬಾರದು. ಮೊದಲ ಹತ್ತು ಹದಿನಾಲ್ಕು ದಿನ ಮೈ ಬಿಸಿಲಿಗೆ ಒಗ್ಗುವ ಕಾಲ, ಆಗ ಅಭ್ಯಾಸ ಅರ್ಧ ಮಾತ್ರ. ಉಪ್ಪು ಹಾಕಿದ ಮಜ್ಜಿಗೆ, ನೀರು ಸದಾ ಕೈಗೆ ಸಿಗುವಂತಿರಲಿ. ಹುಡುಗ ತೊದಲಿದರೆ, ತೂರಾಡಿದರೆ, ಗೊಂದಲದ ಮಾತಾಡಿದರೆ ಅದು ಬಿಸಿಲಿನ ಹೊಡೆತ. 108ಕ್ಕೆ ಕರೆ ಮಾಡುತ್ತಲೇ ಅಲ್ಲೇ ನೆರಳಿನಲ್ಲಿ ಮಲಗಿಸಿ ತಣ್ಣೀರು ಸುರಿಯಬೇಕು, ತೊಟ್ಟಿಯಿದ್ದರೆ ತಲೆ ಹಿಡಿದುಕೊಂಡು ಕುತ್ತಿಗೆಯವರೆಗೆ ಇಳಿಸಬೇಕು. ಆಂಬುಲೆನ್ಸ್ ಬರುವವರೆಗೆ ಸುಮ್ಮನೆ ಕಾಯಬಾರದು.

ಶಹಾಪುರದ ತಾಯಿ

ಎಲ್ಲರೂ ಹುಡುಗರ ಬಗ್ಗೆಯೇ ಬರೆಯುತ್ತಿದ್ದೀರಿ. ಯಾದಗಿರಿ ಜಿಲ್ಲೆಯ ಶಹಾಪುರದಿಂದ ನಾನು ಬರೆಯುತ್ತಿದ್ದೇನೆ. ನನ್ನ ಮಗಳು ಪಿಯುಸಿ ಮೊದಲ ವರ್ಷ. ಚೆಂಡಿಗೆ ಜಿಗಿದು ಒಂದೇ ಕಾಲಿನ ಮೇಲೆ ಇಳಿದಾಗ ಯಾರೂ ತಾಗದೆಯೇ ಮೊಣಕಾಲು ಒಳಕ್ಕೆ ಮಡಚಿತು. ಮೈದಾನದಲ್ಲಿದ್ದವರು ಉಳುಕೆಂದು ಎಳೆದು ಕಟ್ಟಿದರು, ಆಮೇಲೆ ಸೊಲ್ಲಾಪುರದಲ್ಲಿ ಎಂ.ಆರ್.ಐ. ಮಾಡಿಸಿದಾಗ ಎಸಿಎಲ್, ಅಂದರೆ ಮೊಣಕಾಲಿನ ಒಳಗೆ ಎಲುಬುಗಳನ್ನು ಹಿಡಿದಿಡುವ ಲಿಗಮೆಂಟ್ (ಅಸ್ಥಿಬಂಧ), ಹರಿದಿದೆ ಎಂದರು. ಶಸ್ತ್ರಚಿಕಿತ್ಸೆ ಆಗಿದೆ. ಈಗ ಆರು ತಿಂಗಳು ತುಂಬುತ್ತದೆ, ನಡೆಯಲು, ಓಡಲು ನೋವಿಲ್ಲ. ತಂಡದವರು ಟೂರ್ನಮೆಂಟಿಗೆ ಕರೆಯುತ್ತಿದ್ದಾರೆ. ಕಳುಹಿಸಬಹುದೇ? ಇನ್ನೊಂದು ವಿಷಯ, ಗಾಯಕ್ಕೆ ಮೊದಲು ಅವಳು ಹತ್ತು ನಿಮಿಷಕ್ಕೇ ಏದುಸಿರು ಬಿಡುತ್ತಿದ್ದಳು. ಸೋಮಾರಿ ಎಂದು ಅವಳನ್ನು ಬೈಯುತ್ತಿದ್ದರು.

ಬೀದರ್ ಫಿಸಿಯೋ

ಅಕ್ಕಾ, ಈಗ ಕಳುಹಿಸಬೇಡಿ. ನೋವಿಲ್ಲ ಎಂಬುದು ಎಸಿಎಲ್ ವಿಷಯದಲ್ಲಿ ಅಳತೆಯಾಗಲಾರದು. ಹೊಸದಾಗಿ ಕೂರಿಸಿದ ಲಿಗಮೆಂಟ್ ಪಳಗಲು ಬಹಳ ಕಾಲ ಬೇಕು. ಒಂಬತ್ತು ತಿಂಗಳಿಗೆ ಮೊದಲೇ ಇಂಥ ಆಟಗಳಿಗೆ ಮರಳಿದವರಲ್ಲಿ ಮತ್ತೆ ಗಾಯವಾಗುವ ಅಪಾಯ ಬಹಳ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ಒಂಬತ್ತು ತಿಂಗಳು ಕಳೆದರೂ ಸಾಲದು. ಒಂದೇ ಕಾಲಿನಲ್ಲಿ ಮುಂದಕ್ಕೆ ಜಿಗಿಸಿ ಅಳೆದು ನೋಡಿ, ಗಾಯವಾದ ಕಾಲಿನ ಜಿಗಿತ ಒಳ್ಳೆಯ ಕಾಲಿನ ಜಿಗಿತದ ಶೇಕಡಾ 90ರಷ್ಟಾದರೂ ಇರಬೇಕು, ತೊಡೆಯ ಬಲವೂ ಹಾಗೆಯೇ ಇರಬೇಕು, ಇಳಿಯುವಾಗ ಮೊಣಕಾಲು ಒಳಕ್ಕೆ ಬಾಗಬಾರದು. ಒಪ್ಪಿಗೆ ಕೊಡಬೇಕಾದವರು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಮತ್ತು ಫಿಸಿಯೋ, ತಂಡದವರಲ್ಲ.

ಈ ಗಾಯ ಹುಡುಗಿಯರಿಗೆ ಹುಡುಗರಿಗಿಂತ ಹಲವು ಪಟ್ಟು ಹೆಚ್ಚು ಆಗುತ್ತದೆ, ಅದರಲ್ಲೂ ಹೆಚ್ಚಿನವು ಯಾರೂ ತಾಗದೆಯೇ ಆಗುವಂಥವು. ಆದ್ದರಿಂದಲೇ ಇಳಿಯುವುದನ್ನು, ಓಡುತ್ತ ನಿಲ್ಲುವುದನ್ನು ಕಲಿಸಬೇಕು: ಕನ್ನಡಿಯಿಲ್ಲದಿದ್ದರೆ ಜೊತೆಗಾರ್ತಿ ಎದುರಿಗೆ ನಿಂತು, ಮೊಣಚಿಪ್ಪು ಪಾದದ ಬೆರಳುಗಳ ನೇರಕ್ಕೆ ಇದೆಯೇ, ಸದ್ದಿಲ್ಲದೆ ಇಳಿದಳೇ ಎಂದು ನೋಡಲಿ.

ಏದುಸಿರಿನ ಬಗ್ಗೆ: ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ನಮ್ಮ ಭಾಗದ ಹುಡುಗಿಯರಲ್ಲಿ ರಕ್ತಹೀನತೆ ಬಹಳ. ಶಾಲೆ, ಅಂಗನವಾಡಿಗಳಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಬಿಡದೆ ನುಂಗಲಿ. ಊಟವಾದ ಕೂಡಲೇ ಚಹಾ ಕುಡಿಯುವ ರೂಢಿಯಿದ್ದರೆ ಒಂದು ಗಂಟೆ ಮುಂದೂಡಿ, ಚಹಾ ಕಬ್ಬಿಣಾಂಶ ಮೈಗೆ ಹತ್ತುವುದನ್ನು ತಡೆಯುತ್ತದೆ. ತೊಗರಿಬೇಳೆ, ಶೇಂಗಾ ಹಿಂಡಿ, ಸೊಪ್ಪು, ಮೊಟ್ಟೆ ನಮ್ಮಲ್ಲೇ ಇವೆ. ಜೊತೆಗೆ ನಿಂಬೆಹಣ್ಣು ಹಿಂಡಿಕೊಳ್ಳಲಿ. ಆಡುವ ಹುಡುಗಿಗೆ ಮೂರು ತಿಂಗಳು ಮುಟ್ಟು ನಿಂತರೆ ಅವಳ ಶ್ರಮಕ್ಕೆ ತಕ್ಕ ಊಟ ಸಿಗುತ್ತಿಲ್ಲವೆಂಬ ಸೂಚನೆಯೂ ಇರಬಹುದು. ಇದರಿಂದ ಎಲುಬು ದುರ್ಬಲವಾಗುತ್ತದೆ, ನಾಚಿಕೆ ಬಿಟ್ಟು ವೈದ್ಯರಿಗೆ ಹೇಳಬೇಕು.

ಕಲಬುರಗಿ ಹಳೆಯ ಹಾಫ್‌ಬ್ಯಾಕ್

ಆಯ್ಕೆಯ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಆಯ್ಕೆ ನಡೆದಾಗಲೆಲ್ಲ ಎತ್ತರದವರು, ಮೀಸೆ ಚಿಗುರಿದವರು ಮೊದಲು ಆಯ್ಕೆಯಾಗುತ್ತಾರೆ. ಒಂದೇ ವಯಸ್ಸಿನ ಗುಂಪಿನಲ್ಲಿ ವರ್ಷದ ಆರಂಭದಲ್ಲಿ ಹುಟ್ಟಿದವರೇ ಹೆಚ್ಚಾಗಿ ಆಯ್ಕೆಯಾಗುವುದನ್ನು ಹಲವು ದೇಶಗಳಲ್ಲಿ ಗುರುತಿಸಿದ್ದಾರೆ. ನಮ್ಮಲ್ಲಂತೂ ಶಾಲೆಯ ದಾಖಲೆ ನೋಡಿದರೆ ಅರ್ಧ ತರಗತಿ ಜೂನ್ 1ರಂದೇ ಹುಟ್ಟಿದೆ, ಲೆಕ್ಕ ಹಾಕುವುದಾದರೂ ಹೇಗೆ? ವಯಸ್ಸಿನ ಮೋಸ ಹಿಡಿಯಲು ಮಣಿಕಟ್ಟಿನ ಎಕ್ಸ್‌ರೇ ತೆಗೆದು ಎಲುಬಿನ ಬೆಳವಣಿಗೆ ನೋಡುವ ಕ್ರಮ ಭಾರತದ ಫುಟ್‌ಬಾಲಿನಲ್ಲಿ ಇದೆ, ಆದರೆ ಅದು ತಡವಾಗಿ ಬೆಳೆಯುವ ಚಿಕ್ಕವನನ್ನು ಹುಡುಕಿಕೊಡುವುದಿಲ್ಲ. ಕ್ರೊಯೇಷಿಯಾದ ಲೂಕಾ ಮೊಡ್ರಿಚ್‌ನನ್ನು ಬಾಲ್ಯದಲ್ಲಿ ತೀರ ಸಣಕಲನೆಂದು ಅಲ್ಲಿನ ದೊಡ್ಡ ಕ್ಲಬ್ ತಿರಸ್ಕರಿಸಿತ್ತು. 2018ರಲ್ಲಿ ಜಗತ್ತಿನ ಅತ್ಯುತ್ತಮ ಆಟಗಾರನೆನಿಸಿಕೊಂಡ. ಮಾಸ್ತರರೇ, ನಿಮ್ಮ ವೇಗದ ಹುಡುಗನ ಪಕ್ಕದಲ್ಲಿ ಓಟದಲ್ಲಿ ಸೋಲುತ್ತ, ಚೆಂಡನ್ನು ಮಾತ್ರ ಕಳೆದುಕೊಳ್ಳದ ಇನ್ನೊಬ್ಬ ಕುಳ್ಳ ಹುಡುಗ ಇದ್ದೇ ಇರುತ್ತಾನೆ. ಅವನನ್ನೂ ನೋಡಿ.

ಸೇಡಂ ಪಿ.ಟಿ. ಮಾಸ್ತರ

ಹುಡುಗನನ್ನು ಕಲಬುರಗಿಗೆ ಕರೆದೊಯ್ದು ಎಲುಬಿನ ವೈದ್ಯರಿಗೆ ತೋರಿಸಿದೆವು, ಫಿಸಿಯೋ ಅವರು ಊಹಿಸಿದ ತೊಂದರೆಯೇ ಎಂದರು. ವಾರದ ಗಂಟೆಗಳನ್ನು ಅವನಿಂದಲೇ ಬರೆಸಿದೆ, ಮೊತ್ತ ಅವನ ವಯಸ್ಸನ್ನು ಸಾಕಷ್ಟು ಮೀರಿತ್ತು. ಅವನ ತಂದೆಯನ್ನು ಶಾಲೆಗೆ ಕರೆಸಿ ಆ ಹಾಳೆಯನ್ನೇ ಮುಂದಿಟ್ಟಾಗ, ಭಾನುವಾರದ ಪಂದ್ಯಗಳನ್ನು ದೀಪಾವಳಿಯವರೆಗೆ ಬಿಡಿಸಲು ಒಪ್ಪಿದರು. ಮುಖ್ಯೋಪಾಧ್ಯಾಯರನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ. ಜಿಲ್ಲಾ ಮಟ್ಟಕ್ಕೆ ಫುಟ್‌ಬಾಲಿನಲ್ಲಿ ಅರ್ಧ ಪಂದ್ಯ ಮಾತ್ರ, ಉದ್ದಜಿಗಿತ ಮತ್ತು ಕಬಡ್ಡಿ ಈ ವರ್ಷ ಇಲ್ಲ ಎಂಬಲ್ಲಿಗೆ ಬಂದು ನಿಂತಿದೆ. ರಾತ್ರಿ ಮೊಬೈಲ್ ನೋಡುತ್ತ ಹನ್ನೆರಡಕ್ಕೆ ಮಲಗುವ ವಿಷಯವೂ ಹೊರಬಿತ್ತು, ಅದನ್ನು ತಾಯಿ ನೋಡಿಕೊಳ್ಳುತ್ತೇನೆಂದಿದ್ದಾರೆ.

ಹುಡುಗ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಚಿಕ್ಕ ಚೌಕದ ಆಟದಲ್ಲಿ ಅವನು ಚೆಂಡು ಕಳೆದುಕೊಂಡಷ್ಟು ಬೇರೆ ಯಾರೂ ಕಳೆದುಕೊಳ್ಳಲಿಲ್ಲ, ಹಾಫ್‌ಬ್ಯಾಕ್ ಅವರ ಮಾತು ಅಲ್ಲಿ ಅಕ್ಷರಶಃ ಕಣ್ಣಿಗೆ ಬಿತ್ತು. ಇತರ ಮಕ್ಕಳಿಗೆ ಸೋಮವಾರ, ಗುರುವಾರ, ಶುಕ್ರವಾರ ಮೂರೂ ದಿನ ನಾರ್ಡಿಕ್ ಸೇರಿಸಿ ವ್ಯಾಯಾಮ ಇಟ್ಟಿದ್ದೇನೆ. ಪಂದ್ಯಗಳು ಶನಿವಾರ.

ಚಿಂಚೋಳಿ ರೈಡರ್

ಗಂಟೆ ಲೆಕ್ಕದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ಹುಡುಗನ ಕೈಯಿಂದಲೇ ಬರೆಸಿದ್ದು ಒಳ್ಳೆಯ ಉಪಾಯ. ಕಬಡ್ಡಿಯವರಿಗೂ ಈ ನಾರ್ಡಿಕ್ ಮಾಡಿಸಿದರೆ ಹೇಗೆ? ಕಾಲು ಹಿಡಿದು ಎಳೆಯುವಾಗ ತೊಡೆಯ ಹಿಂಭಾಗವೇ ನಮ್ಮಲ್ಲಿ ಹೆಚ್ಚು ಹಿಡಿಯುವುದು.

ಬೀದರ್ ಫಿಸಿಯೋ

ಖಂಡಿತ ಮಾಡಿಸಿ, ಅಣ್ಣಾ; ಜೊತೆಗೆ ಒಂದೇ ಕಾಲಿನ ಮೇಲೆ ಅರ್ಧ ನಿಮಿಷ ನಿಲ್ಲುವುದನ್ನೂ ಸೇರಿಸಿ. ಒಮ್ಮೆ ಉಳುಕಿದ ಕಣಕಾಲು ಮತ್ತೆ ಮತ್ತೆ ಉಳುಕುವುದನ್ನು ಅದು ಕಡಿಮೆ ಮಾಡುತ್ತದೆ. ಉಳುಕಿದ ಮೇಲೆ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಅಥವಾ ಕಣಕಾಲಿನ ಗಂಟಿನ ಎಲುಬನ್ನೇ ಒತ್ತಿದಾಗ ನೋವಾದರೆ ಎಕ್ಸ್‌ರೇ ತೆಗೆಸಿ. ತಲೆಗೆ ಪೆಟ್ಟು ಬಿದ್ದು ಮಂಕಾದವನನ್ನು ಆ ದಿನ ಮತ್ತೆ ಕಣಕ್ಕೆ ಇಳಿಸಲೇಬೇಡಿ, ಫುಟ್‌ಬಾಲಾದರೂ ಕಬಡ್ಡಿಯಾದರೂ.

ಮಾಸ್ತರರೇ, ನಿಮ್ಮ ಪಟ್ಟಿಯಲ್ಲಿ ಒಂದು ತಿದ್ದುಪಡಿ. ಶನಿವಾರ ಪಂದ್ಯವಿದ್ದರೆ ಗುರುವಾರ, ಶುಕ್ರವಾರ ನಾರ್ಡಿಕ್ ಬೇಡ, ಹಿಡಿದುಕೊಂಡ ತೊಡೆಯಲ್ಲಿ ಮಕ್ಕಳು ಪಂದ್ಯಕ್ಕೆ ಇಳಿಯುತ್ತಾರೆ. ಸೋಮವಾರ ಮತ್ತು ಬುಧವಾರಕ್ಕೆ ಹಾಕಿ. ಗುರುವಾರ ಚಿಕ್ಕ ಚೌಕದ ಆಟ, ಶುಕ್ರವಾರ ಹಗುರ ಓಟ ಮತ್ತು ಸಮತೋಲನ ಮಾತ್ರ. ಭಾನುವಾರ ಯಾರೂ ಮೈದಾನಕ್ಕೆ ಬರುವುದು ಬೇಡ. ನಿಮ್ಮ ಹುಡುಗನ ಎತ್ತರದ ಗೆರೆಯನ್ನು ಮುಂದಿನ ತಿಂಗಳು ಇದೇ ತಾರೀಖಿಗೆ ಎಳೆದು, ಅಳತೆಯನ್ನು ಇಲ್ಲಿ ಬರೆಯಿರಿ. ಬೆಳವಣಿಗೆ ನಿಧಾನವಾಗಿದ್ದು, ಮೆಟ್ಟಿಲು ಇಳಿಯುವಾಗ ನೋವು ಇಲ್ಲದಿದ್ದರೆ ಅರ್ಧ ಪಂದ್ಯವನ್ನು ಮುಕ್ಕಾಲು ಮಾಡುವ ಬಗ್ಗೆ ಆಗ ನೋಡೋಣ.